ಕುಂಭೋಜದ ಮನೆಯಿಂದ ಸಾತಾರೆಯ ವಸತಿಗೃಹದವರೆಗೆ
ಕರ್ಮವೀರ ಭಾವುರಾವ ಪಾಟೀಲರ ಜೀವನ ಸ್ಮರಣೆ



ಪ್ರತಿವರ್ಷ ನಮ್ಮ ಬಸದಿಯ ಉತ್ಸವದ ಈ ಸಂಚಿಕೆಯಲ್ಲಿ ಒಬ್ಬ ಪುಣ್ಯಪುರುಷರ ಚರಿತ್ರೆಯನ್ನು ಸ್ಮರಿಸುವುದು ವಾಡಿಕೆ. ಆಚಾರ್ಯರ, ಮುನಿಗಳ, ದಾನಶೂರರ ಚರಿತ್ರೆಗಳನ್ನು ಹಿಂದಿನ ಸಂಚಿಕೆಗಳಲ್ಲಿ ಓದಿದ್ದೇವೆ. ಈ ಸಲ ನಾನು ಆರಿಸಿಕೊಂಡಿರುವುದು ದೀಕ್ಷೆ ಪಡೆಯದ, ಗ್ರಂಥ ಬರೆಯದ, ಶಾಲೆಯ ವಿದ್ಯೆಯನ್ನೂ ಪೂರ್ತಿಗೊಳಿಸದ ಒಬ್ಬ ಶ್ರಾವಕರ ಮಗನ ಚರಿತ್ರೆ. ಅವರೇ ಕರ್ಮವೀರ ಭಾವುರಾವ ಪಾಟೀಲರು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಅವರ ಹೆಸರು ಕೇಳದ ಮನೆಯಿಲ್ಲ. ಮರಾಠಿ ಮಾತನಾಡುವ ನಮ್ಮ ಬಂಧುಗಳಿಗೆ ಅವರ ಚರಿತ್ರೆ ಪಾಠಪುಸ್ತಕದಿಂದಲೇ ಪರಿಚಿತ. ಆದರೆ ಕನ್ನಡ ಮಾತನಾಡುವ ನಮ್ಮ ಮನೆಗಳ ಮಕ್ಕಳಿಗೆ ಅವರು ನಮ್ಮವರೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಆ ಕೊರತೆಯನ್ನು ಯಥಾಶಕ್ತಿ ತುಂಬುವುದು ಈ ಲೇಖನದ ಉದ್ದೇಶ.

ಇನ್ನೊಂದು ಉದ್ದೇಶವೂ ಉಂಟು. ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣನಾದ ಹುಡುಗ, ವ್ಯಾಪಾರದಲ್ಲಿ ಒಮ್ಮೆ ನಷ್ಟ ಕಂಡ ಯುವಕ ಬಾಳೇ ಮುಗಿಯಿತೆಂದು ಕೈಚೆಲ್ಲಿ ಕೂರುವುದನ್ನು ನಾವು ಕಾಣುತ್ತಿದ್ದೇವೆ. ಭಾವುರಾವರ ಪಾಲಿಗೆ ಒಂದಲ್ಲ, ಹಲವು ಬಾಗಿಲುಗಳು ಮುಚ್ಚಿದವು. ಆದರೂ ಅವರು ಎದ್ದು ನಿಂತರು. ಆ ಬಲ ಅವರಿಗೆ ಎಲ್ಲಿಂದ ಬಂತು ಎಂದು ಹುಡುಕಿದರೆ, ಅದರ ಬೇರು ಅವರ ಬಾಲ್ಯದ ಮನೆಯಲ್ಲಿ ಸಿಗುತ್ತದೆ.

ಮನೆತನ ಮತ್ತು ಬಾಲ್ಯ

ಭಾವುರಾವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಇಂದಿನ ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನ ಕುಂಭೋಜ ಗ್ರಾಮದಲ್ಲಿ. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿ. ಮನೆತನದ ಊರು ಸಾಂಗ್ಲಿ ಸೀಮೆಯ ಐತವಡೆ ಬುದ್ರುಕ. ಇವರ ಪೂರ್ವಜರು ದಕ್ಷಿಣ ಕನ್ನಡದ ಮೂಡುಬಿದಿರೆಯಿಂದ ಹೊರಟು ಬಂದು ಈ ಕಡೆ ನೆಲೆಸಿ ಪಾಟೀಲಕಿ ಪಡೆದವರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಸಾವಿರ ಕಂಬದ ಬಸದಿಯ ಊರಿನಿಂದ ಕೃಷ್ಣಾ ತೀರದವರೆಗೆ ಬಂದ ಈ ಮನೆತನದ ಹೆಸರುಗಳನ್ನೇ ನೋಡಿರಿ. ಪಾಯಗೊಂಡ, ದೇವಗೊಂಡ. ಮರಾಠಿಯ ಗೊಂಡ ಎಂಬುದು ನಮ್ಮ ಗೌಡ ಎಂಬುದರ ಇನ್ನೊಂದು ರೂಪವೇ. ಆಡುವ ಮಾತು ಬದಲಾದರೂ ಹೆಸರಿನಲ್ಲಿ ಹಳೆಯ ಮನೆಯ ಗುರುತು ಉಳಿಯುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂತಹವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಂಭೋಜದ ಬಳಿಯ ಬಾಹುಬಲಿ ಬೆಟ್ಟ ನಮ್ಮೆಲ್ಲರಿಗೂ ಪರಿಚಿತವಾದ ಕ್ಷೇತ್ರ. ಇಂದು ನಾವು ದರ್ಶನ ಪಡೆಯುವ 28 ಅಡಿ ಎತ್ತರದ ಬಾಹುಬಲಿ ಸ್ವಾಮಿಯ ಮೂರ್ತಿ ಸ್ಥಾಪನೆಯಾದದ್ದು 1963ರಲ್ಲಿ. ಭಾವುರಾವರ ಬಾಲ್ಯದಲ್ಲಿ ಅದಿರಲಿಲ್ಲ. ಆದರೆ ಬೆಟ್ಟ ಇತ್ತು, ಅಲ್ಲಿ ತಪಸ್ಸು ಮಾಡಿದ ಮುನಿಗಳ ನೆನಪು ಇತ್ತು, ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವಿತ್ತು. ಧರ್ಮಭೀರು ಕುಟುಂಬ. ಮಡಿ ಮೈಲಿಗೆಗಳ ಕಟ್ಟೂ ಆ ಕಾಲದ ಎಲ್ಲ ಮನೆಗಳಂತೆ ಅಲ್ಲಿಯೂ ಇತ್ತು.

ಹುಡುಗ ಮಾತ್ರ ಆ ಕಟ್ಟಿಗೆ ಸಿಕ್ಕಲಿಲ್ಲ. ಊರ ಹೊರಗಿನ ಕೇರಿಯ ಮಕ್ಕಳೊಡನೆ ಆಡುತ್ತಿದ್ದನು. ಕುಸ್ತಿ, ಈಜು ಎಂದರೆ ಪ್ರಾಣ. ಆ ಸೀಮೆಯಲ್ಲಿ ಸತ್ಯಪ್ಪನೆಂಬ ಒಬ್ಬ ಬಂಡುಕೋರನಿದ್ದನು. ಸರ್ಕಾರದ ಕಣ್ಣಿಗೆ ಅಪರಾಧಿ, ಬಡವರ ಪಾಲಿಗೆ ಆಸರೆ. ಅಸ್ಪೃಶ್ಯನೆನಿಸಿಕೊಂಡಿದ್ದ ಆ ಸತ್ಯಪ್ಪನ ಹೆಗಲೇರಿ ಬಾಲಕ ಭಾವು ಹೊಲಗಳಲ್ಲಿ ತಿರುಗುತ್ತಿದ್ದನೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಒಮ್ಮೆ, ದಲಿತರಿಗೆ ನೀರು ಕೊಡದ ಬಾವಿಯೊಂದರ ರಾಟೆಯನ್ನೇ ಮುರಿದು ಬಾವಿಯೊಳಗೆ ಎಸೆದನಂತೆ. ಎಲ್ಲರಿಗೂ ಇಲ್ಲದ ನೀರು ಯಾರಿಗೂ ಬೇಡವೆಂಬ ಬಾಲಕನ ಸಿಟ್ಟು ಅದು.

ತಂದೆ ಪಾಯಗೊಂಡರು ಕಂದಾಯ ಖಾತೆಯಲ್ಲಿ ಗುಮಾಸ್ತರಾಗಿದ್ದರು. ಲೆಕ್ಕದಲ್ಲಿಯೂ ನಡತೆಯಲ್ಲಿಯೂ ಕಟ್ಟುನಿಟ್ಟಿನವರು. ನೌಕರಿಯ ವರ್ಗಾವಣೆಯಿಂದಾಗಿ ಕುಟುಂಬ ದಹಿವಡಿ, ವಿಟೆ ಮುಂತಾದ ಊರುಗಳಲ್ಲಿ ಸಂಸಾರ ಹೂಡಬೇಕಾಯಿತು. ಹೊಸ ಊರು, ಹೊಸ ಶಾಲೆ, ಹೊಸ ಗೆಳೆಯರು. ಹೀಗೆ ಅಲೆಯುವ ಸಂಸಾರದಲ್ಲಿ ಬೆಳೆದ ಮಗುವಿಗೆ ಒಂದು ಪಾಠ ತಾನಾಗಿಯೇ ಆಗುತ್ತದೆ. ಮನೆಯೆಂದರೆ ಗೋಡೆಯಲ್ಲ, ಸೂರಲ್ಲ. ತಾಯಿ ಬಡಿಸುವ ಎಡೆ, ತಂದೆ ತಪ್ಪದ ನಿಯಮ, ಇವು ಎಲ್ಲಿರುತ್ತವೆಯೋ ಅದೇ ಮನೆ. ಕಳೆದುಕೊಂಡದ್ದನ್ನು ಇನ್ನೊಂದು ಊರಿನಲ್ಲಿ ಮತ್ತೆ ಕಟ್ಟಿಕೊಳ್ಳಬಹುದು ಎಂಬ ಧೈರ್ಯ ಅಲ್ಲಿಂದ ಬರುತ್ತದೆ.

ಮುಚ್ಚಿದ ಮೊದಲ ಬಾಗಿಲು

ಪ್ರಾಥಮಿಕ ಶಿಕ್ಷಣದ ನಂತರ ಭಾವುರಾವರು ಕೊಲ್ಹಾಪುರದ ರಾಜಾರಾಮ ಹೈಸ್ಕೂಲಿಗೆ ಸೇರಿದರು. ವಾಸ ಅಲ್ಲಿಯ ಜೈನ ಬೋರ್ಡಿಂಗಿನಲ್ಲಿ. ಅದರ ಮೇಲ್ವಿಚಾರಣೆ ಅಣ್ಣಾಸಾಹೇಬ ಲಠ್ಠೆಯವರದ್ದು. ಲಠ್ಠೆಯವರು ನಮ್ಮ ಸಮಾಜದ ಬಹುದೊಡ್ಡ ವಿದ್ವಾಂಸರು, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದವರು.

1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭ ನಡೆಯಿತು. ಭಾವುರಾವರು ಅಲ್ಲಿಗೆ ಹೋಗಿಬಂದರು. ಬೋರ್ಡಿಂಗಿಗೆ ಮರಳಿದಾಗ, ಸ್ನಾನ ಮಾಡಿ ಶುದ್ಧನಾಗಿ ಊಟಕ್ಕೆ ಬರಬೇಕೆಂದು ಅಪ್ಪಣೆಯಾಯಿತು. ಮನುಷ್ಯರ ನಡುವೆ ಕುಳಿತು ಬಂದವನಿಗೆ ಯಾವ ಮೈಲಿಗೆ ಎಂಬುದು ಭಾವುರಾವರ ನಿಲುವು. ಸ್ನಾನ ಮಾಡಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಬೀಳಬೇಕಾಯಿತು.

ಈ ಪ್ರಸಂಗವನ್ನು ನಾವು ಮರೆಮಾಚಬಾರದು. ಇಂದು ಅವರ ಹೆಸರು ಹೇಳಿ ಹೆಮ್ಮೆಪಡುವ ನಾವು, ಅವರನ್ನು ಹೊರಗೆ ಹಾಕಿದ್ದು ನಮ್ಮದೇ ಸಮಾಜದ ವಸತಿಗೃಹವೆಂಬುದನ್ನು ನೆನಪಿನಲ್ಲಿಡಬೇಕು. ಅಹಿಂಸೆಯನ್ನು ಪರಮಧರ್ಮವೆನ್ನುವವರ ಮನೆಯಲ್ಲಿಯೇ ಈ ತಪ್ಪಾಯಿತು. ಒಪ್ಪಿಕೊಂಡರೆ ಅದು ನಮಗೆ ಪ್ರತಿಕ್ರಮಣ, ಮುಚ್ಚಿಟ್ಟರೆ ಕರ್ಮಬಂಧ.

ಹೊರಬಿದ್ದ ಹುಡುಗನಿಗೆ ಛತ್ರಪತಿ ಶಾಹು ಮಹಾರಾಜರು ಅರಮನೆಯಲ್ಲಿ ಆಸರೆ ಕೊಟ್ಟರು. ಬಹುಜನರ ಮಕ್ಕಳಿಗಾಗಿ ಮಹಾರಾಜರು ತೆರೆದ ವಸತಿಗೃಹಗಳನ್ನೂ, ಅವರು ಮಾಡುತ್ತಿದ್ದ ಸುಧಾರಣೆಗಳನ್ನೂ ಹತ್ತಿರದಿಂದ ಕಾಣುವ ಅವಕಾಶ ಸಿಕ್ಕಿತು. ಆದರೆ ಓದು ಮುಂದೆ ಸಾಗಲಿಲ್ಲ. ಇಂಗ್ಲಿಷ್ ಆರನೆಯ ತರಗತಿಗೆ ವಿದ್ಯಾಭ್ಯಾಸ ನಿಂತಿತು.

ಮರಳಿ ಮನೆಗೆ ಬಂದಾಗ ತಂದೆಯ ಅಸಮಾಧಾನ ಸಹಜವಾಗಿತ್ತು. ಓದಲಿಲ್ಲ, ನೌಕರಿ ಇಲ್ಲ, ಮದುವೆ ಬೇರೆ ಆಗಿದೆ. ಪತ್ನಿ ಲಕ್ಷ್ಮೀಬಾಯಿ ಕುಂಭೋಜದ ಪಾಟೀಲರ ಮಗಳು. ಅನುಕೂಲಸ್ಥ ಮನೆತನದಿಂದ, ಮೈತುಂಬ ಒಡವೆಯೊಡನೆ ಬಂದವರು. ಭಾವುರಾವರು ಮುಂಬಯಿಗೆ ಹೋಗಿ ಮುತ್ತು ರತ್ನಗಳ ವ್ಯಾಪಾರ ಕಲಿಯಲು ಯತ್ನಿಸಿದರು. ಅದು ಹಿಡಿಸಲಿಲ್ಲ. ಕೊನೆಗೆ ಸಾತಾರೆಯಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಪಾಟೀಲ ಮಾಸ್ತರರೆನಿಸಿಕೊಂಡರು. ಸ್ವತಃ ಪರೀಕ್ಷೆ ದಾಟದವರು ಇತರರ ಮಕ್ಕಳನ್ನು ಪರೀಕ್ಷೆ ದಾಟಿಸತೊಡಗಿದರು. 1910ರಲ್ಲಿಯೇ ದುಧಗಾಂವದಲ್ಲಿ ಗೆಳೆಯರೊಡನೆ ಸೇರಿ ವಿದ್ಯಾರ್ಥಿಗಳಿಗಾಗಿ ಒಂದು ಆಶ್ರಮವನ್ನು ಆರಂಭಿಸಿದ್ದೂ ಉಂಟು.

ಕಠಿಣ ಪರೀಕ್ಷೆ

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ಚಕ್ರವರ್ತಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದಲ್ಲಿ ಕೋಲಾಹಲವೆದ್ದಿತು. ಅಷ್ಟರಲ್ಲಿ ಲಠ್ಠೆಯವರಿಗೂ ದರಬಾರಿಗೂ ನಡುವೆ ಮನಸ್ತಾಪ ಬೆಳೆದಿತ್ತು. ಈ ಪ್ರಕರಣದಲ್ಲಿ ಲಠ್ಠೆಯವರನ್ನು ಸಿಲುಕಿಸಬೇಕೆಂದು ಕೆಲವು ಅಧಿಕಾರಿಗಳು ಹೊಂಚಿದರು. ಅವರ ವಿರುದ್ಧ ಸಾಕ್ಷಿ ಹೇಳುವಂತೆ ಭಾವುರಾವರ ಮೇಲೆ ಒತ್ತಡ ತಂದರು.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಯಾರ ಮೇಲ್ವಿಚಾರಣೆಯ ಬೋರ್ಡಿಂಗಿನಿಂದ ತಾವು ಹೊರಬಿದ್ದಿದ್ದರೋ ಅವರೇ ಲಠ್ಠೆಯವರು. ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಯಾರಿಗೂ ಸಿಗಲಾರದು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಭಾವುರಾವರು ಹೇಳಲಿಲ್ಲ. ಸೆರೆಮನೆಗೆ ಹೋದರು. ಅಲ್ಲಿ ಅವರಿಗೆ ಕೊಟ್ಟ ಹಿಂಸೆ ಎಷ್ಟಿತ್ತೆಂದರೆ, ಸುಳ್ಳು ಬಾಯಿಗೆ ಬಂದೀತೆಂಬ ಭಯದಿಂದ ಜೀವವನ್ನೇ ಕಳೆದುಕೊಳ್ಳಲು ಹೊರಟರು. ಪ್ರಾಣ ಉಳಿಯಿತು. ಕೊನೆಗೆ ಬಿಡುಗಡೆಯೂ ಆಯಿತು.

ಪರ್ಯೂಷಣದ ಹತ್ತು ದಿನ ನಾವು ದಶಧರ್ಮಗಳ ಪ್ರವಚನ ಕೇಳುತ್ತೇವೆ. ಉತ್ತಮ ಕ್ಷಮೆಯಿಂದ ಆರಂಭಿಸಿ ಉತ್ತಮ ಸತ್ಯದ ದಿನವನ್ನೂ ಆಚರಿಸುತ್ತೇವೆ. ಸೆರೆಮನೆಯ ಕತ್ತಲಲ್ಲಿ ಭಾವುರಾವರು ಆ ಎರಡನ್ನೂ ಒಟ್ಟಿಗೆ ಆಚರಿಸಿದರು. ಆ ಗಳಿಗೆಯಲ್ಲಿ ಅವರ ಧೈರ್ಯ ಕುಸಿದದ್ದು ನಿಜ. ಎಂದೂ ಕುಸಿಯದವನೇ ಗಟ್ಟಿಗನೆಂದು ನಾವು ಮಕ್ಕಳಿಗೆ ಕಲಿಸಬಾರದು. ಕುಸಿದ ಮೇಲೆ ಎದ್ದು ಬಂದವನು, ಎದ್ದು ಬಂದ ಮೇಲೆ ಮನಸ್ಸನ್ನು ಕಹಿ ಮಾಡಿಕೊಳ್ಳದವನು ಗಟ್ಟಿಗ. ಕೊಲ್ಹಾಪುರದ ಅಧಿಕಾರಿಗಳಿಂದ ಇಷ್ಟೆಲ್ಲ ಅನುಭವಿಸಿಯೂ ಭಾವುರಾವರು ಶಾಹು ಮಹಾರಾಜರ ಉಪಕಾರವನ್ನು ಮರೆಯಲಿಲ್ಲ. ಮುಂದೆ ತಮ್ಮ ಮುಖ್ಯ ವಸತಿಗೃಹಕ್ಕೆ ಅವರದೇ ಹೆಸರಿಟ್ಟರು.

ನೇಗಿಲು ಮಾರಿದ ದಿನಗಳು

ಹೊಟ್ಟೆಪಾಡಿಗಾಗಿ ಭಾವುರಾವರು ಓಗಲೆ ಗಾಜಿನ ಕಾರ್ಖಾನೆಗೂ ಕಿರ್ಲೋಸ್ಕರ ಕಾರ್ಖಾನೆಗೂ ಮಾಲು ಮಾರುವ ಕೆಲಸ ಮಾಡಿದರು. ಆಗ ಕಬ್ಬಿಣದ ನೇಗಿಲು, ನಮ್ಮ ಕಡೆಯ ಮಾತಿನಲ್ಲಿ ರಂಟೆ, ರೈತರಿಗೆ ಹೊಸತು. ಮರದ ನೇಗಿಲನ್ನು ಬಿಟ್ಟು ಕಬ್ಬಿಣದ್ದನ್ನು ಹಿಡಿಯಲು ಜನ ಹಿಂಜರಿಯುತ್ತಿದ್ದರು. ಭಾವುರಾವರು ಹಳ್ಳಿಹಳ್ಳಿ ತಿರುಗಿ, ರೈತರ ಜಗುಲಿಯ ಮೇಲೆ ಕುಳಿತು ಅವರಿಗೆ ತಿಳಿಹೇಳಿ ಮಾರುತ್ತಿದ್ದರು. ನಾನೂ ಅಂಗಡಿಯ ಗಲ್ಲೆಯ ಮುಂದೆ ಕುಳಿತು ಬದುಕಿದವನಾದ್ದರಿಂದ ಒಂದು ಮಾತು ಹೇಳಬಲ್ಲೆ. ಮಾಲು ಮಾರುವವನಿಗೆ ಊರಿನ ನಿಜಸ್ಥಿತಿ ತಿಳಿದಷ್ಟು ಇನ್ನಾರಿಗೂ ತಿಳಿಯದು. ಯಾರ ಮನೆಯಲ್ಲಿ ಕಾಳು ಮುಗಿದಿದೆ, ಯಾರು ಓದಲು ಬಾರದೆ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಭಾವುರಾವರ ಕಣ್ಣಿಗೂ ಬಿದ್ದಿತು. ಹೊಲಕ್ಕೆ ಹೊಸ ನೇಗಿಲು ಬಂದರೆ ಸಾಲದು, ಮನೆಗೆ ಅಕ್ಷರ ಬರಬೇಕೆಂಬ ನಿಶ್ಚಯ ಅಲ್ಲಿ ಹುಟ್ಟಿತು.

ಮುಂದೆ ಸಾತಾರೆಯ ಬಳಿ ಕೂಪರ ಕಾರ್ಖಾನೆಯನ್ನು ಕಟ್ಟುವುದರಲ್ಲಿಯೂ ಅವರು ಹೆಗಲು ಕೊಟ್ಟರು. ಗಳಿಕೆಯ ಒಂದು ಪಾಲು ಬಡಮಕ್ಕಳ ಶಿಕ್ಷಣಕ್ಕೆ ಸಲ್ಲಬೇಕೆಂಬುದು ಅವರ ಆಸೆಯಾಗಿತ್ತು. ಅದು ಕೈಗೂಡಲಿಲ್ಲ, ಅಲ್ಲಿಂದಲೂ ಹೊರಬಂದರು.

ರಯತ ಶಿಕ್ಷಣ ಸಂಸ್ಥೆ

1919ರ ಅಕ್ಟೋಬರ್ 4, ವಿಜಯದಶಮಿಯ ಶುಭದಿನ. ಕರಾಡ ತಾಲೂಕಿನ ಕಾಲೆ ಎಂಬ ಗ್ರಾಮದಲ್ಲಿ ಭಾವುರಾವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ರಯತ ಎಂದರೆ ರೈತ, ಸಾಮಾನ್ಯ ಪ್ರಜೆ. 1924ರಲ್ಲಿ ಸಂಸ್ಥೆಯ ಕೇಂದ್ರ ಸಾತಾರೆಗೆ ಬಂದಿತು. ಅಲ್ಲಿ ಸರ್ವ ಜಾತಿಧರ್ಮಗಳ ಹುಡುಗರಿಗೆ ಒಂದೇ ಸೂರಿನ ಕೆಳಗೆ ವಸತಿಗೃಹ ಆರಂಭವಾಯಿತು. ಮರಾಠರು, ಜೈನರು, ಮುಸಲ್ಮಾನರು, ದಲಿತರು ಎಲ್ಲರ ಮಕ್ಕಳೂ ಒಟ್ಟಿಗೆ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧೀಜಿಯವರು ಅಲ್ಲಿಗೆ ಬಂದು ಅದಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು. ತಮಗೆ ಆಶ್ರಮದಲ್ಲಿ ಕಷ್ಟವೆನಿಸಿದ್ದನ್ನು ಇವರು ಇಲ್ಲಿ ಸಾಧಿಸಿದ್ದಾರೆಂದು ಮೆಚ್ಚಿದರು.

ಒಂದು ವಸತಿಗೃಹ ಅವರನ್ನು ಸ್ನಾನದ ಕಾರಣಕ್ಕೆ ಹೊರಹಾಕಿತ್ತು. ಅದಕ್ಕೆ ಉತ್ತರವಾಗಿ ಭಾವುರಾವರು ವಾದ ಮಾಡಲಿಲ್ಲ, ದೂರು ಹೇಳಲಿಲ್ಲ. ಯಾರನ್ನೂ ಹೊರಹಾಕದ ಒಂದು ವಸತಿಗೃಹವನ್ನೇ ಕಟ್ಟಿದರು.

ಅನ್ನಪೂರ್ಣೆ ಲಕ್ಷ್ಮೀಬಾಯಿ

ಈ ಚರಿತ್ರೆಯಲ್ಲಿ ಲಕ್ಷ್ಮೀಬಾಯಿಯವರ ಪಾಲು ಅರ್ಧಕ್ಕಿಂತ ಕಡಿಮೆಯಲ್ಲ. ಅವರು ಆಚಾರವಂತ ಜೈನ ಮನೆಯಿಂದ ಬಂದ ಸೊಸೆ. ಸೋಸಿದ ನೀರು, ಮಡಿಯ ಅಡಿಗೆ ಇವುಗಳಲ್ಲಿ ಬೆಳೆದವರು. ಎಲ್ಲ ಕೇರಿಗಳ ಮಕ್ಕಳು ತಮ್ಮ ಮನೆಯೊಳಗೆ ಬಂದಾಗ ಆರಂಭದಲ್ಲಿ ಅವರಿಗೆ ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ತಾಯಿಯ ಕರುಳು ಮಡಿಯನ್ನು ಗೆದ್ದಿತು. ಕಜ್ಜಿಯಾದ ಮಗುವಿನ ಮೈ ತೊಳೆದರು, ಜ್ವರ ಬಂದವನ ಹಾಸಿಗೆಯ ಬಳಿ ಎಚ್ಚರವಿದ್ದರು. ಭಾವುರಾವರು ಧಾನ್ಯ ಸಂಗ್ರಹಿಸಲು ಊರೂರು ತಿರುಗುತ್ತಿರುವಾಗ ನೂರಾರು ಮಕ್ಕಳ ಮನೆಯನ್ನು ಸಂಭಾಳಿಸಿದರು.

ದುಡ್ಡು ಮುಗಿದಾಗಲೆಲ್ಲ ಅವರ ಒಡವೆ ಒಂದೊಂದಾಗಿ ಸಾಹುಕಾರರ ಅಂಗಡಿ ಸೇರಿತು. ಒಮ್ಮೆ ಭಾವುರಾವರು ಊರಲ್ಲಿಲ್ಲ, ಬೋರ್ಡಿಂಗಿನಲ್ಲಿ ಒಂದು ಹಿಡಿ ಕಾಳಿಲ್ಲ, ಮಕ್ಕಳು ಹಸಿದು ಕುಳಿತಿದ್ದಾರೆ. ಲಕ್ಷ್ಮೀಬಾಯಿಯವರು ಕೊರಳಲ್ಲಿ ಉಳಿದಿದ್ದ ಮಾಂಗಲ್ಯವನ್ನೇ ತೆಗೆದುಕೊಟ್ಟು ದಿನಸಿ ತರಿಸಿದರು. ಮುತ್ತೈದೆಗೆ ಮಾಂಗಲ್ಯವೆಂದರೆ ಏನೆಂಬುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. 1930ರಲ್ಲಿ ಆ ತಾಯಿ ತೀರಿಕೊಂಡರು. ಸಂಸ್ಥೆ ವಿಸ್ತಾರಗೊಂಡದ್ದನ್ನು ಅವರು ಕಾಣಲಿಲ್ಲ.

ಪತ್ನಿಯ ಮರಣ ಭಾವುರಾವರಿಗೆ ದೊಡ್ಡ ಆಘಾತ. ಆದರೂ ಬೋರ್ಡಿಂಗಿನ ಒಲೆ ಆರಲಿಲ್ಲ. 1932ರಲ್ಲಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್, 1935ರಲ್ಲಿ ಸಾತಾರೆಯಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯ, 1940ರಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಸದ್ಗುರು ಗಾಡಗೆ ಮಹಾರಾಜ ಕಾಲೇಜು. ಹೀಗೆ ಒಂದೊಂದಾಗಿ ಸಂಸ್ಥೆಗಳು ಎದ್ದವು. ದುಡಿದು ಕಲಿಯುವುದು ಅಲ್ಲಿಯ ಪದ್ಧತಿ. ಬಡ ಹುಡುಗನು ಹೊಲದಲ್ಲಿ ಅಗೆದು, ಕಲ್ಲು ಹೊತ್ತು, ತನ್ನ ಅನ್ನವನ್ನು ತಾನೇ ಗಳಿಸಿ ಓದುತ್ತಿದ್ದನು. ಭಿಕ್ಷೆಯಿಂದ ಕಲಿತೆನೆಂಬ ಕುಗ್ಗು ಅವನಲ್ಲಿ ಉಳಿಯುತ್ತಿರಲಿಲ್ಲ. ಸಂಸ್ಥೆಯ ಲಾಂಛನ ಆಲದ ಮರ. ಬಿಳಲು ಇಳಿದು ಬೇರಾಗಿ, ಬೇರು ಮತ್ತೆ ಮರವಾಗುವ ಗುಣ ಅದರದು.

ಕೊನೆಯ ಅಡ್ಡಿ

1948ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ, ಅವರ ಹೆಸರಿನಲ್ಲಿ 101 ಹೈಸ್ಕೂಲುಗಳನ್ನು ತೆರೆಯುವ ಸಂಕಲ್ಪವನ್ನು ಭಾವುರಾವರು ಮಾಡಿದರು. ಅದೇ ಕಾಲದಲ್ಲಿ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿದ್ದಕ್ಕಾಗಿ ಸಂಸ್ಥೆಯ ಅನುದಾನ ನಿಂತುಹೋಯಿತು. ಅರವತ್ತು ವರ್ಷ ದಾಟಿದ ದೇಹ, ಸಾವಿರಾರು ಮಕ್ಕಳ ಹೊಣೆ, ಕೈಯಲ್ಲಿ ಕಾಸಿಲ್ಲ. ಭಾವುರಾವರು ಮತ್ತೆ ಜೋಳಿಗೆ ಹಿಡಿದು ಜನರ ಬಳಿಗೆ ಹೋದರು. ಜನ ಕೈಬಿಡಲಿಲ್ಲ. ಗಾಡಗೆ ಮಹಾರಾಜರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರಿಗೆ ತಿಳಿಹೇಳಿದರು. ಅನುದಾನ ಮರಳಿ ಬಂದಿತು.

1959ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು. ಇಂಗ್ಲಿಷ್ ಆರನೆಯ ತರಗತಿಗೆ ಓದು ನಿಲ್ಲಿಸಿದ್ದವರಿಗೆ ಅದೇ ವರ್ಷ ಪುಣೆ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. 1959ರ ಮೇ 9ರಂದು ಕರ್ಮವೀರರು ದೇಹ ಬಿಟ್ಟರು. ಅವರು ನೆಟ್ಟ ಆಲದ ಮರ ಇಂದು ನಲವತ್ತಕ್ಕೂ ಹೆಚ್ಚು ಕಾಲೇಜುಗಳಾಗಿ, ನಾಲ್ಕು ನೂರಕ್ಕೂ ಹೆಚ್ಚು ಪ್ರೌಢಶಾಲೆಗಳಾಗಿ ಹಬ್ಬಿ ನಿಂತಿದೆ.

ನಮಗೆ ಪಾಠ

ನಮ್ಮ ಶಾಸ್ತ್ರಗಳು ನಾಲ್ಕು ದಾನಗಳನ್ನು ಹೇಳುತ್ತವೆ: ಆಹಾರ, ಔಷಧ, ಶಾಸ್ತ್ರ, ಅಭಯ. ಶ್ರಾವಕರ ಮನೆಯಲ್ಲಿ ಹುಟ್ಟಿದ ಮಗು ಇವುಗಳ ಹೆಸರನ್ನು ಬಾಯಿಪಾಠ ಮಾಡುವ ಮೊದಲೇ ಕಣ್ಣಿನಿಂದ ಕಲಿಯುತ್ತದೆ. ಅಜ್ಜಿ ಬಡವನಿಗೆ ರೊಟ್ಟಿ ಕೊಡುವುದನ್ನು, ತಂದೆ ಲೆಕ್ಕದಲ್ಲಿ ಒಂದು ಕಾಸು ತಪ್ಪದಿರುವುದನ್ನು ನೋಡಿ ಕಲಿಯುತ್ತದೆ. ಸಾತಾರೆಯ ಬೋರ್ಡಿಂಗಿನಲ್ಲಿ ಈ ನಾಲ್ಕು ದಾನಗಳೂ ಒಂದೇ ಸೂರಿನ ಕೆಳಗೆ ನಡೆದವು. ಕುಂಭೋಜದ ಮನೆಯಿಂದ ಭಾವುರಾವರು ಹೊತ್ತು ತಂದ ಆಸ್ತಿ ಅದೇ. ಆ ಮನೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಮಡಿಯ ಕಟ್ಟನ್ನು ಅವರು ಬಿಟ್ಟು ಬಂದರು, ನಿಯಮದ ಬಲವನ್ನು ಉಳಿಸಿಕೊಂಡರು. ಮನೆಯಿಂದ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬ ವಿವೇಕವೇ ಅವರ ದೊಡ್ಡತನ.

ನಾವು ನಮ್ಮ ಮಕ್ಕಳಿಗೆ ಏನು ಕೊಡುತ್ತಿದ್ದೇವೆ? ಒಳ್ಳೆಯ ಶಾಲೆ, ಮೋಟಾರು, ಬೇಡಿದ ವಸ್ತು ಎಲ್ಲವನ್ನೂ ಕೊಡುತ್ತಿದ್ದೇವೆ. ಬಿದ್ದಾಗ ಏಳುವುದು ಹೇಗೆಂಬುದನ್ನು ಮಾತ್ರ ಕೊಡಲು ಮರೆಯುತ್ತಿದ್ದೇವೆ. ಅದನ್ನು ಅಂಗಡಿಯಿಂದ ತರಲಾಗದು. ಪರೀಕ್ಷೆಯಲ್ಲಿ ಸೋತು ಬಂದ ಮಗನಿಗೆ ಅಂದೂ ಎಂದಿನಂತೆಯೇ ಎಡೆ ಹಾಕಿ ಬಡಿಸಿದರೆ ಅದು ಅಭಯದಾನ. ನಷ್ಟವಾದ ವರ್ಷವೂ ತಂದೆ ಕೊಟ್ಟ ಮಾತು ಉಳಿಸಿಕೊಳ್ಳುವುದನ್ನು ಮಗ ಕಂಡರೆ ಅದು ಶಾಸ್ತ್ರದಾನ. ನಮ್ಮ ಮನೆಯ ಮಗುವಿನ ಪಕ್ಕದಲ್ಲಿ ಇನ್ನೊಬ್ಬರ ಮನೆಯ ಬಡಮಗು ಕುಳಿತು ಉಂಡರೆ ಇಬ್ಬರೂ ಗಟ್ಟಿಯಾಗಿ ಬೆಳೆಯುತ್ತಾರೆ.

ಈ ಉತ್ಸವದ ಮಹಾಪ್ರಸಾದದ ದಿನ ಪಂಕ್ತಿ ಹಾಕುವಾಗ ಒಮ್ಮೆ ಕರ್ಮವೀರರನ್ನೂ ಮಾತೆ ಲಕ್ಷ್ಮೀಬಾಯಿಯವರನ್ನೂ ನೆನೆಯೋಣ. ಆ ಪಂಕ್ತಿಯಿಂದ ಯಾರೂ ಎದ್ದು ಹೋಗುವಂತಾಗದಿರಲಿ ಎಂದು ಭಗವಂತ ಪಾರ್ಶ್ವನಾಥ ಸ್ವಾಮಿಯ ಚರಣಗಳಲ್ಲಿ ಪ್ರಾರ್ಥಿಸಿ ವಿರಮಿಸುತ್ತೇನೆ.

ಜೈ ಜಿನೇಂದ್ರ.